ನ್ಯೂಜೆರ್ಸಿ ಹಿನ್ನೀರಿನ ಫ್ಲೂಕ್ ಮೀನು: ಸಣ್ಣ ದೋಣಿ ತೇಲಿಬಿಟ್ಟು ಗಾಳ ಹಾಕುವ ಬಗೆ

ಹೊಳೆಬಾಗಿಲು:
ದೋಣಿ 14 ಅಡಿಯ ಅಲ್ಯೂಮಿನಿಯಂ, ಎಂಜಿನ್ 9.9 ಎಚ್‌ಪಿ, ಆರಾಮಾಗಿ ಇಬ್ಬರು ಕೂರಬಹುದು. ಜಾಗ ಟಕರ್ಟನ್ ಊರು ದಾಟಿದ ಮೇಲೆ ಗ್ರೇಟ್ ಬೇ ಬುಲೆವಾರ್ಡ್ ರಸ್ತೆಯ ಆಚೀಚೆ ಇರುವ ಉಪ್ಪುನೀರಿನ ಕ್ರೀಕ್‌ಗಳು (ಜವುಗಿನ ನಡುವಿನ ಕಿರುಹೊಳೆಗಳು). ಮೇ ಕೊನೆಯಿಂದ ಜುಲೈವರೆಗೆ ಫ್ಲೂಕ್ ಹಿಡಿಯುವ ಯೋಚನೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ: ಉಬ್ಬರದಲ್ಲಿ ಹೋಗಬೇಕೋ ಇಳಿತದಲ್ಲೋ? ಎರೆ ತಳಕ್ಕಿಳಿಸಲು ಎಷ್ಟು ಔನ್ಸ್ ಸೀಸ ಕಟ್ಟಬೇಕು? ಗಾಳಿ ನೀರಿಗೆ ಎದುರಾದರೆ ಏನು ಮಾಡೋದು? "ಡ್ರಿಫ್ಟ್ ಮಾಡಿ (ದೋಣಿ ತೇಲಿಬಿಡಿ), ಸಿಗುತ್ತೆ" ಅನ್ನುವವರು ಬಹಳ ಜನ, ಹೇಗೆ ಅಂತ ಹೇಳುವವರು ಕಡಿಮೆ.

ಅಳಿವೆಕೋಡಿ:
ಮೊದಲು ಮೀನಿನ ಸ್ವಭಾವ ಗೊತ್ತಿರಲಿ, ಉಳಿದದ್ದೆಲ್ಲ ಅದರಿಂದಲೇ ಬರುತ್ತದೆ. ಫ್ಲೂಕ್ ಚಪ್ಪಟೆ ಮೀನು, ಎರಡೂ ಕಣ್ಣು ಎಡಬದಿಯಲ್ಲಿ. ನಮ್ಮೂರ ನಂಗು ಮೀನಿನ ದೂರದ ಸಂಬಂಧಿ ಅನ್ನಬಹುದು, ಆದರೆ ಬಾಯಿ ದೊಡ್ಡದು, ಹಲ್ಲು ಚೂಪು, ಪಕ್ಕಾ ಬೇಟೆಗಾರ. ಮರಳಲ್ಲಿ ಮೈ ಹೂತುಕೊಂಡು, ಹರಿವಿಗೆ ಮುಖ ಕೊಟ್ಟು ಮಲಗಿರುತ್ತದೆ. ನೀರು ಹೊತ್ತು ತರುವ ಸಣ್ಣ ಮೀನು ಹತ್ತಿರ ಬಂದಾಗ ಒಮ್ಮೆಲೆ ಹಾರುತ್ತದೆ. ದೂರ ಅಟ್ಟಿಕೊಂಡು ಹೋಗುವುದು ಕಡಿಮೆ. ಹಾಗಾಗಿ ಎರೆಯನ್ನು ನಾವೇ ಅದರ ಮುಂದೆ ಹಾಯಿಸಬೇಕು, ಅದೂ ನೀರು ಹರಿಯುವ ದಿಕ್ಕಿನಲ್ಲೇ, ತಳಕ್ಕೆ ತಾಗಿಕೊಂಡೇ. ದೋಣಿ ತೇಲಿಬಿಡುವುದು ಇದಕ್ಕೇ.

ಉಬ್ಬರವೋ ಇಳಿತವೋ ಅನ್ನುವುದು ತಿಂಗಳನ್ನು ನೋಡಿ ಹೇಳಬೇಕಾದ್ದು. ಮೇ ತಿಂಗಳಲ್ಲಿ ಸಮುದ್ರದ ನೀರು ಇನ್ನೂ ತಣ್ಣಗಿರುತ್ತದೆ, ಜವುಗಿನ ಮೇಲೆ ಹರಡಿದ ನೀರು ಬಿಸಿಲಿಗೆ ಕಾದಿರುತ್ತದೆ. ಇಳಿತದ ಕೊನೆಯ ಎರಡು ಮೂರು ಗಂಟೆ ಆ ಬೆಚ್ಚನೆ ನೀರು ಸಣ್ಣ ಕಾಲುವೆಗಳಿಂದ ಕ್ರೀಕಿಗೆ ಇಳಿಯುತ್ತದೆ. ಹುಲ್ಲಿನ ನಡುವೆ ಅಡಗಿದ್ದ ಕಿಲ್ಲಿ, ಸ್ಪಿಯರಿಂಗ್ ಎಂಬ ಸಣ್ಣ ಮೀನು, ಸಿಗಡಿ ಎಲ್ಲವೂ ಅದರ ಜೊತೆ ಹೊರಬೀಳಲೇಬೇಕು. ಫ್ಲೂಕ್ ಆ ಕಾಲುವೆಗಳ ಬಾಯಿಯಲ್ಲೇ ಕಾದಿರುತ್ತದೆ. ಈ ಕಾಲದಲ್ಲಿ 4ರಿಂದ 8 ಅಡಿ ನೀರು ಸಾಕು, ಆಳಕ್ಕೆ ಹೋಗಬೇಕಾಗಿಲ್ಲ. ಜುಲೈಗೆ ಲೆಕ್ಕ ತಿರುಗುತ್ತದೆ. ಹಿನ್ನೀರು ಅತಿಯಾಗಿ ಕಾದಿರುತ್ತದೆ, ಸಮುದ್ರದಿಂದ ಬರುವ ಉಬ್ಬರದ ನೀರು ತಂಪು ಮತ್ತು ತಿಳಿ. ಆಗ ಉಬ್ಬರದ ಮೊದಲ ಭಾಗ, ಇನ್‌ಲೆಟ್‌ಗೆ (ಸಮುದ್ರಕ್ಕೆ ತೆರೆಯುವ ಬಾಯಿಗೆ) ಹತ್ತಿರದ ಚಾನೆಲ್, ಅಂದರೆ ಆಳ ನೀರಿನ ದಾರಿ, 10ರಿಂದ 20 ಅಡಿ ಆಳ. ಈ ಮೀನು ಕಣ್ಣಿನಿಂದ ಬೇಟೆಯಾಡುತ್ತದೆ. ಕೆಸರು ಕದಡಿದ ನೀರಿನಲ್ಲಿ ಎಷ್ಟು ಸಲ ತೇಲಿದರೂ ಪ್ರಯೋಜನವಿಲ್ಲ, ಜಾಗ ಬದಲಿಸಿ.

ಕ್ರೀಕಿನ ಒಳಗೆ ಎಲ್ಲಿ? ತಿರುವುಗಳಲ್ಲಿ ಹೊರಬದಿ ಆಳ, ಒಳಬದಿ ಮರಳಿನ ತಟ್ಟು. ಆ ತಟ್ಟು 4 ಅಡಿಯಿಂದ 9 ಅಡಿಗೆ ಜಾರುವ ಇಳಿಜಾರಿನಲ್ಲಿ ಮೀನು. ಎರಡನೆಯದು, ಸಣ್ಣ ಕಾಲುವೆ ಕ್ರೀಕಿಗೆ ಸೇರುವ ಬಾಯಿ. ಅಲ್ಲಿ ಸಾಮಾನ್ಯವಾಗಿ ಒಂದು ದಿಬ್ಬ, ಅದರ ಕೆಳಗೆ ಒಂದು ಗುಂಡಿ ಇರುತ್ತದೆ. ದಿಬ್ಬದ ಮೇಲಿನಿಂದ ಗುಂಡಿಗೆ ಎರೆ ಇಳಿಯುವಂತೆ ದೋಣಿಯನ್ನು ಮೇಲುಗಡೆಯಿಂದ ಬಿಡಿ.

ಒಂದು ಮುಖ್ಯ ವಿಷಯ. ಸಮುದ್ರ ತೀರದ ಅಟ್ಲಾಂಟಿಕ್ ಸಿಟಿಯ ಉಬ್ಬರ ಇಳಿತದ ವೇಳೆ ನೋಡಿ ಕ್ರೀಕಿಗೆ ಹೊರಡಬೇಡಿ. ಒಳಗೆ ಹೋದಷ್ಟೂ ನೀರು ತಡ, ಒಂದೆರಡು ಗಂಟೆಯ ವ್ಯತ್ಯಾಸ ಮಾಮೂಲು. ನೋವಾ (ಅಮೆರಿಕದ ಸಾಗರ, ಹವಾಮಾನ) ಇಲಾಖೆಯ ಪಟ್ಟಿಯಲ್ಲಿ ಒಳಗಿನ ಜಾಗಗಳಿಗೆ ಬೇರೆ ವೇಳೆ ಕೊಟ್ಟಿರುತ್ತಾರೆ, ಅದನ್ನು ಹಿಡಿಯಿರಿ. ನೀರು ಅತಿ ತಗ್ಗಿದ ಗಳಿಗೆ, ಹರಿವು ನಿಂತ ಗಳಿಗೆ ಎರಡೂ ಒಂದೇ ಅಲ್ಲ. ಏಡಿ ಬುಟ್ಟಿಯ ತೇಲುಬುರುಡೆ ಯಾವ ಕಡೆ ವಾಲಿದೆ ನೋಡಿದರೆ ಸಾಕು, ಹರಿವು ತಿಳಿಯುತ್ತದೆ.

ಸೀಸದುಂಡೆ:
ಸಾಮಾನಿನ ಬಗ್ಗೆ. ರಾಡ್ ಆರೂವರೆಯಿಂದ ಏಳು ಅಡಿ, ತುದಿ ಮೆದುವಾಗಿರಲಿ. ದಾರ 10 ಅಥವಾ 15 ಪೌಂಡ್ ತಡೆಯುವ ಬ್ರೇಡ್ (ಹೆಣೆದ ದಾರ). ನೈಲಾನ್ ದಾರ ಹಿಗ್ಗುತ್ತದೆ, ತಳದ ಸಮಾಚಾರ ಕೈಗೆ ಬರುವುದಿಲ್ಲ, ಮೇಲಾಗಿ ದಪ್ಪ ದಾರವನ್ನು ಹರಿವು ತಳ್ಳಿ ಹೆಚ್ಚು ಸೀಸ ಬೇಡುತ್ತದೆ.

ಕಟ್ಟುವ ಬಗೆ ಸರಳ. ಮೂರು ಕಣ್ಣಿನ ಸ್ವಿವೆಲ್ (ತಿರುಗುವ ಕೊಂಡಿ) ತಗೊಳ್ಳಿ. ಒಂದು ಕಣ್ಣಿಗೆ ರೀಲಿನ ದಾರ. ಎರಡನೆಯದಕ್ಕೆ 4ರಿಂದ 6 ಇಂಚಿನ ತುಂಡು ದಾರ, ಅದರ ತುದಿಗೆ ಸೀಸ. ಈ ತುಂಡಿನ ಬಲ ಮುಖ್ಯ ದಾರಕ್ಕಿಂತ ಕಡಿಮೆ ಇರಬೇಕು, ಸೀಸ ಚಿಪ್ಪಿಗೆ ಸಿಕ್ಕಿಕೊಂಡರೆ ಅದೊಂದೇ ಹರಿದುಹೋಗಲಿ. ಮೂರನೆಯದಕ್ಕೆ 24ರಿಂದ 36 ಇಂಚು, 20 ಪೌಂಡ್ ಫ್ಲೋರೊಕಾರ್ಬನ್ ದಾರ, ಅದಕ್ಕೆ 3/0 ಅಥವಾ 4/0 ಅಳತೆಯ ಅಗಲ ಬಾಯಿಯ ಗಾಳ. ಮಣಿ, ತಗಡಿನ ಸ್ಪಿನ್ನರ್ ಅಂತ ಅಂಗಡಿಯಲ್ಲಿ ಮಾರುತ್ತಾರೆ. ನನ್ನ ಮಟ್ಟಿಗೆ ಕ್ರೀಕಿನಲ್ಲಿ ಅವು ಪಾಚಿ ಎಳೆದು ತರುವುದಕ್ಕೆ ಮಾತ್ರ ಉಪಯೋಗ.

ಸೀಸ: 5ರಿಂದ 8 ಅಡಿ ನೀರಿಗೆ 1 ಔನ್ಸ್, 10ರಿಂದ 15 ಅಡಿಗೆ ಒಂದೂವರೆ ಅಥವಾ 2, ಇನ್‌ಲೆಟ್ ಹತ್ತಿರದ ಬಿರುಸು ನೀರಿಗೆ 3 ಅಥವಾ 4. ಇದು ಶುರುಮಾಡಲಿಕ್ಕೆ ಮಾತ್ರ. ನಿಜವಾದ ಅಳತೆ ದಾರದ ಓರೆ. ನೀರಿಗೆ ಇಳಿಯುವ ದಾರ ನೇರ ಕೆಳಗೆ ಅಥವಾ ಹೆಚ್ಚೆಂದರೆ 45 ಡಿಗ್ರಿ ಓರೆಯಾಗಿರಬೇಕು. ಅದಕ್ಕಿಂತ ಮಲಗಿದರೆ ಸೀಸ ತಳ ಬಿಟ್ಟು ಹಾರುತ್ತಿದೆ ಅಂತ ತಿಳಿಯಿರಿ. ಇನ್ನಷ್ಟು ದಾರ ಬಿಟ್ಟರೆ ಸರಿಹೋಗುವುದಿಲ್ಲ, ಸೀಸವನ್ನೇ ಬದಲಿಸಬೇಕು. ಒಂದೆರಡು ಸೆಕೆಂಡಿಗೊಮ್ಮೆ ತಳಕ್ಕೆ ಟಕ್ ಅಂತ ತಾಗುವುದು ಕೈಗೆ ತಿಳಿಯುತ್ತಿದ್ದರೆ ಸರಿಯಾಗಿದೆ.

ತಳದಲ್ಲಿ ಎಲೆಕೋಸಿನಂಥ ಹಸಿರು ಪಾಚಿ ಇದ್ದರೆ ಐದು ನಿಮಿಷಕ್ಕೊಮ್ಮೆ ಗಾಳ ಎತ್ತಿ ನೋಡಿ. ಗಾಳದ ಮೇಲೆ ಬೆರಳಗಲ ಪಾಚಿ ಕೂತಿದ್ದರೂ ಫ್ಲೂಕ್ ಮೂಸುವುದಿಲ್ಲ.

ಗಜನಿಬಯಲು:
ಸರ್, ಒಂದು ಸೇರಿಸ್ತೀನಿ. ದೋಣಿ ಜೋರಾಗಿ ಹೋಗ್ತಿದ್ರೆ ಡ್ರಿಫ್ಟ್ ಸಾಕ್ ಬಿಡಿ. ನೀರಲ್ಲಿ ಕೊಡೆ ಥರ ಬಿಚ್ಚಿಕೊಳ್ಳುವ ಬಟ್ಟೆಯ ಚೀಲ ಅದು. ಕರೆಂಟ್ ಎಷ್ಟೇ ಇದ್ದರೂ ದೋಣಿ ನಿಧಾನ ಆಗುತ್ತೆ.

ಇಳಿತದನೀರು:
ಗಜನಿಬಯಲು ಅವರೇ, ಸಾಕ್ ಒಳ್ಳೆಯ ಸಾಮಾನು, ಆದರೆ ಅದು ಮಾಡುವ ಕೆಲಸ ನೀವು ಹೇಳಿದ್ದಲ್ಲ. ಎಷ್ಟೋ ಜನ ದಾರಿ ತಪ್ಪುವುದು ಇಲ್ಲೇ ಆದ್ದರಿಂದ ವಿವರವಾಗಿ ಬರೆಯುತ್ತೇನೆ.

ತೇಲುವ ದೋಣಿಯನ್ನು ಎರಡು ಬಲ ನಡೆಸುತ್ತವೆ: ಹರಿವು ಮತ್ತು ಗಾಳಿ. ಸಾಕ್ ನೀರಿನೊಳಗೆ ಇರುವ ಚೀಲ, ಅದೂ ನೀರಿನ ಜೊತೆಗೇ ಹೋಗುತ್ತದೆ. ಬರೀ ಹರಿವಿನಿಂದ ದೋಣಿ 2 ನಾಟ್ (ಗಂಟೆಗೆ ಸುಮಾರು 3.7 ಕಿ.ಮೀ.) ಹೋಗುತ್ತಿದ್ದರೆ ಸಾಕ್ ಕೂಡ 2 ನಾಟ್ ಹೋಗುತ್ತದೆ, ಏನೂ ತಡೆಯುವುದಿಲ್ಲ. ಅದು ಕಡಿಮೆ ಮಾಡುವುದು ಗಾಳಿಯ ಪಾಲನ್ನು ಮಾತ್ರ. ಈಗ ಒಂದೊಂದಾಗಿ ನೋಡಿ.

ಗಾಳಿ, ನೀರು ಒಂದೇ ದಿಕ್ಕು: ಇಂಥ ದಿನಕ್ಕೆ ಕಾಯಬೇಕು. ಗಾಳಿ 5ರಿಂದ 8 ನಾಟ್ ಇದ್ದರೆ ಏನೂ ಬೇಡ, ಸುಮ್ಮನೆ ಬಿಡಿ. 12 ದಾಟಿದರೆ ಸಾಕ್ ಹಾಕಿ, ಗಾಳಿ ಕೂಡಿಸಿದ ವೇಗ ತಗ್ಗುತ್ತದೆ. 14 ಅಡಿ ದೋಣಿಗೆ 24ರಿಂದ 30 ಇಂಚಿನದು ಸಾಕು. ಗಾಳಿ ಬರುವ ಬದಿಯಲ್ಲಿ, ದೋಣಿಯ ನಡುಭಾಗದ ಕೊಂಡಿಗೆ ಕಟ್ಟಿ. ಗಾಳದ ದಾರವೂ ಅದೇ ಬದಿಯಲ್ಲಿ ಇರುವುದರಿಂದ ಸಾಕಿನ ಹಗ್ಗ 8 ಅಡಿಗಿಂತ ಉದ್ದ ಬಿಡಬೇಡಿ, ಮೀನು ಬಂದಾಗ ಸುತ್ತಿಕೊಳ್ಳುತ್ತದೆ.

ಗಾಳಿ ನೀರಿಗೆ ಎದುರು: ಸಾಕ್ ನಿಜಕ್ಕೂ ಬೆಲೆ ಬಾಳುವುದು ಈಗ. ಸಾಕ್ ಇಲ್ಲದಿದ್ದರೆ ಎರಡೂ ಬಲ ಒಂದನ್ನೊಂದು ಹೊಡೆದು ದೋಣಿ ನಿಂತಲ್ಲೇ ನಿಲ್ಲುತ್ತದೆ, ಎರೆ ಸತ್ತಂತೆ ಬಿದ್ದಿರುತ್ತದೆ, ಏಡಿ ಬಂದು ತಿಂದು ಮುಗಿಸುತ್ತದೆ. ಇನ್ನೂ ಕೆಟ್ಟದ್ದು, ಗಾಳಿ ಗೆದ್ದು ದೋಣಿ ಹರಿವಿಗೆ ವಿರುದ್ಧ ಹೋಗುವುದು. ಆಗ ಎರೆ ಮೀನಿನ ಬಾಲದ ಕಡೆಯಿಂದ ಬರುತ್ತದೆ. ಸಾಕ್ ಇಳಿಸಿದರೆ ನೀರು ದೋಣಿಯನ್ನು ಹಿಡಿದುಕೊಂಡು ತನ್ನ ದಿಕ್ಕಿಗೆ ಎಳೆಯುತ್ತದೆ. ಅದೂ ಸಾಲದಿದ್ದರೆ ಎಂಜಿನ್ ಹಿಂದಕ್ಕೆ ಅಥವಾ ಮುಂದಕ್ಕೆ ಎರಡೆರಡು ಸೆಕೆಂಡ್ ಗೇರಿಗೆ ಹಾಕಿ ತೆಗೆಯುತ್ತ ಹರಿವಿನ ದಿಕ್ಕಿಗೆ ದೋಣಿಯನ್ನು ತಳ್ಳಬೇಕು. ಎಂಜಿನ್ ಗೇರಿಗೆ ಹಾಕುವ ಮೊದಲು ಸಾಕ್ ಎತ್ತಿ, ಹಗ್ಗ ಪ್ರೊಪೆಲ್ಲರಿಗೆ ಸಿಕ್ಕರೆ ಕೆಲಸ ಕೆಟ್ಟಿತು.

ಬರೀ ಹರಿವೇ ಬಿರುಸು: ಸಾಕ್ ಮರೆತುಬಿಡಿ. ಉಪಾಯ ಮೂರು. ನೀರು ನಿಲ್ಲುವ ಮುಂಚಿನ ಒಂದು ಗಂಟೆ, ನಿಂತ ನಂತರದ ಒಂದು ಗಂಟೆ, ಆ ಹೊತ್ತಿಗೆ ಕಾಯುವುದು. ಇಲ್ಲವೇ ನಡುಚಾನೆಲ್ ಬಿಟ್ಟು ಅಂಚಿಗೆ ಬರುವುದು, ಅಲ್ಲಿ ಹರಿವು ಅರ್ಧಕ್ಕರ್ಧ ಕಡಿಮೆ. ಇಲ್ಲವೇ ಮೂತಿಯನ್ನು ಹರಿವಿಗೆ ಎದುರು ತಿರುಗಿಸಿ ಎಂಜಿನ್ ಐಡಲ್‌ನಲ್ಲಿ ಇಟ್ಟು, ದೋಣಿ ಹಿಂಬದಿಯಾಗಿ ನಿಧಾನ ಜಾರುವಂತೆ ಹಿಡಿಯುವುದು. ಮೂತಿಯಲ್ಲಿ ಸಣ್ಣ ಬ್ಯಾಟರಿ ಮೋಟರ್ ಇದ್ದರೆ ಇದು ಬಹಳ ಸುಲಭ. ಕೆಲವರು ಸರಪಳಿ ತಳಕ್ಕೆ ಬಿಟ್ಟು ಎಳೆಸುತ್ತಾರೆ. ಕೆಸರು ಕದಡುತ್ತದೆ, ಚಿಪ್ಪಿನ ಹಾಸಿಗೆ ಹಾಳಾಗುತ್ತದೆ, ಸಿಕ್ಕಿಕೊಂಡರೆ ದೋಣಿಗೇ ಅಪಾಯ. ನಾನಂತೂ ಬೇಡ ಅನ್ನುತ್ತೇನೆ. ಸರಪಳಿಯಾಗಲಿ ಲಂಗರಾಗಲಿ ಹಿಂಬದಿಗೆ ಎಂದೂ ಕಟ್ಟಕೂಡದು. ಎಂಜಿನ್ ಭಾರ ಇರುವ ಕಡೆಯೇ ಹರಿವು ನುಗ್ಗಿ ಸಣ್ಣ ದೋಣಿ ಕ್ಷಣದಲ್ಲಿ ನೀರು ತುಂಬಿಕೊಳ್ಳುತ್ತದೆ.

ವೇಗ ಎಷ್ಟಿರಬೇಕು? ಫೋನಿನ ಜಿಪಿಎಸ್‌ನಲ್ಲಿ ನಾಟ್ ಲೆಕ್ಕ ಇಟ್ಟು ನೋಡಿ. 0.5ರಿಂದ 1.2 ಒಳಗೆ ಇದ್ದರೆ ಚೆನ್ನ. 0.3ಕ್ಕಿಂತ ಕೆಳಗಿಳಿದರೆ ದೂರಕ್ಕೆ ಎಸೆದು ಮೆಲ್ಲಗೆ ಎಳೆಯುತ್ತ ಬನ್ನಿ. 1.5 ದಾಟಿದರೆ ಒಂದು ಔನ್ಸಿನಲ್ಲಿ ತಳ ಹಿಡಿಯುವುದು ಕಷ್ಟ.

ಹೊಳೆಬಾಗಿಲು:
ಇದು ತುಂಬಾ ಸ್ಪಷ್ಟವಾಯಿತು. ಹಾಗಾದರೆ ಇಬ್ಬರೂ ಒಂದೇ ಬದಿಯಲ್ಲಿ ಕೂತು ಗಾಳ ಬಿಡಬೇಕೇ? ದೋಣಿ ವಾಲುವುದಿಲ್ಲವೇ?

ಇಳಿತದನೀರು:
ದಾರ ಇಬ್ಬರದೂ ಒಂದೇ ಬದಿ, ಅಂದರೆ ದೋಣಿ ಬಿಟ್ಟುಬಂದ ಕಡೆಗೆ. ಇನ್ನೊಂದು ಬದಿಗೆ ಬಿಟ್ಟರೆ ದಾರ ದೋಣಿಯಡಿ ಹೋಗಿ ತಳಕ್ಕೆ ಉಜ್ಜುತ್ತದೆ. ಕೂರುವುದು ಮಾತ್ರ ಒಬ್ಬರು ಮೂತಿಯ ಕಡೆ, ಒಬ್ಬರು ಎಂಜಿನ್ ಕಡೆ, ಸೀಟಿನ ನಡುವಿನಲ್ಲಿ. ಅಂಚಿಗೆ ಇಬ್ಬರೂ ಒಟ್ಟಿಗೆ ಬಗ್ಗಬಾರದು, ಬಲೆ ಹಿಡಿಯುವ ಹೊತ್ತಿನಲ್ಲಿ ಅಂತೂ ಒಬ್ಬರೇ.

ಮೀನು ತಾಗಿದ ಜಾಗವನ್ನು ಫೋನಿನಲ್ಲಿ ಗುರುತು ಮಾಡಿ. ಇಡೀ 300 ಮೀಟರ್ ಮತ್ತೆ ತೇಲುವ ಬದಲು ಆ 50 ಮೀಟರನ್ನೇ ನಾಲ್ಕೈದು ಸಲ ತೇಲಿ. ಹಿಂದಿರುಗುವಾಗ ತೇಲಿದ ಸಾಲಿನ ಮೇಲೆಯೇ ಎಂಜಿನ್ ಓಡಿಸಬೇಡಿ, 6 ಅಡಿ ನೀರಿನಲ್ಲಿ ಮೀನು ಚದುರುತ್ತದೆ. ಸುತ್ತು ಹಾಕಿ ಬನ್ನಿ.

ಬೊಂಡಾಸ್‌ಪಟ್ಟಿ:
ಎರೆಯ ವಿಷಯ ನನಗೆ ಬಿಡಿ.

ಕ್ರೀಕಿನಲ್ಲಿ ಮೊದಲ ಸ್ಥಾನ ಜೀವಂತ ಕಿಲ್ಲಿ ಮೀನಿಗೆ, 3ರಿಂದ 4 ಇಂಚಿನದು. ಗಾಳವನ್ನು ಕೆಳದವಡೆಯಿಂದ ಮೇಲ್ದವಡೆಗೆ ಚುಚ್ಚಿ, ಆಗ ಅದು ಮುಂದಕ್ಕೆ ಮುಖ ಮಾಡಿ ಈಜುತ್ತದೆ. ಬಕೆಟ್ ನೀರಿನಲ್ಲಿ ಹಾಕಿ ಬಿಸಿಲಿನಲ್ಲಿಟ್ಟರೆ ಉಸಿರುಕಟ್ಟಿ ಸಾಯುತ್ತವೆ. ನೀರೇ ಇಲ್ಲದೆ, ಒದ್ದೆ ಬಟ್ಟೆ ಅಥವಾ ಒದ್ದೆ ಪಾಚಿಯ ನಡುವೆ, ಐಸಿನ ಮೇಲೆ ತಟ್ಟೆಯಲ್ಲಿಟ್ಟರೆ ಗಂಟೆಗಟ್ಟಲೆ ಬದುಕಿರುತ್ತವೆ. ಕರಗಿದ ಐಸ್ ನೀರು ಮಾತ್ರ ತಟ್ಟೆಗೆ ಸೇರಬಾರದು.

ಜೊತೆಗೆ ಬೊಂಡಾಸ್ (ಸ್ಕ್ವಿಡ್) ಪಟ್ಟಿ. ಅಡುಗೆಗೆ ಬಿಡಿಸಿದಂತೆ ಬಿಡಿಸಿ, ಕೊಳವೆಯನ್ನು ಉದ್ದಕ್ಕೆ ಸೀಳಿ, ಹಲಗೆಯ ಮೇಲೆ ಹರಡಿ. 5 ಇಂಚು ಉದ್ದ, ಒಂದು ಕಡೆ ಮುಕ್ಕಾಲು ಇಂಚು ಅಗಲ, ಇನ್ನೊಂದು ಕಡೆ ಮೊನೆ. ಮೊನೆಯಿಂದ 2 ಇಂಚು ಸೀಳಿದರೆ ಎರಡು ಬಾಲ ಅಲುಗಾಡುತ್ತದೆ. ಅಗಲ ತುದಿಯಲ್ಲಿ, ನಟ್ಟನಡುವೆ, ಒಂದೇ ಒಂದು ಚುಚ್ಚು. ಎರಡು ಸಲ ಚುಚ್ಚಿದರೆ ಅಥವಾ ನಡು ತಪ್ಪಿದರೆ ಪಟ್ಟಿ ಗಿರಗಿರ ತಿರುಗುತ್ತದೆ, ದಾರ ಸುರುಳಿಯಾಗುತ್ತದೆ, ಮೀನೂ ಮುಟ್ಟುವುದಿಲ್ಲ. ಬಿಡುವ ಮೊದಲು ದೋಣಿಯ ಪಕ್ಕದ ನೀರಲ್ಲಿ ಒಮ್ಮೆ ಎಳೆದು ನೋಡಿ. ತಿರುಗಿದರೆ ಕತ್ತರಿಸಿ ಸರಿಮಾಡಿ. ಪ್ರತಿ ಸಲವೂ ನೋಡಬೇಕಾದ್ದು ಇದು.

ಬರ್ಕ್ಲಿ ಗಲ್ಪ್ ಅನ್ನುವ ವಾಸನೆಯ ರಬ್ಬರಿನಂಥ ಕೃತಕ ಎರೆ, 4 ಇಂಚಿನದು, ಬಿಳಿ ಅಥವಾ ಗುಲಾಬಿ, ಇದೂ ಒಳ್ಳೆಯದು. ಅರ್ಧ ಔನ್ಸ್ ಅಥವಾ ಒಂದು ಔನ್ಸ್ ಬಕ್‌ಟೇಲ್ ಜಿಗ್‌ಗೆ (ಸೀಸದ ತಲೆಗೆ ಕೂದಲು ಕಟ್ಟಿದ ಗಾಳಕ್ಕೆ) ಸಿಕ್ಕಿಸಿ ತಳದಲ್ಲಿ ಸಣ್ಣಗೆ ಕುಣಿಸಬೇಕು. ಅದರ ಮೇಲೆ 15 ಇಂಚಿನಲ್ಲಿ ಇನ್ನೊಂದು ಗಾಳ, ಅದಕ್ಕೂ ಒಂದು ಗಲ್ಪ್. ಆಡಿಸದೆ ಬಿಟ್ಟರೆ ಕೆಲಸಕ್ಕೆ ಬಾರದು. ಕೆಲಸ ಮುಗಿದ ಮೇಲೆ ಗಾಳದಲ್ಲೇ ಬಿಟ್ಟರೆ ಒಣಗಿ ಕಲ್ಲಾಗುತ್ತದೆ, ಕೊನೆಗೆ ಚಾಕುವೇ ಬೇಕು.

ತಾಗಿದಾಗ ಏನು ಮಾಡಬೇಕು ಅನ್ನುವುದು ಎರೆಯ ಮೇಲೆ ನಿಂತಿದೆ. ಕಿಲ್ಲಿ, ಬೊಂಡಾಸ್ ಆದರೆ ಮೊದಲು ಒಂದು ಕುಟುಕು, ಆಮೇಲೆ ಒದ್ದೆ ಗೋಣಿ ಎಳೆದ ಹಾಗೆ ಭಾರ. ಫ್ಲೂಕ್ ಮೊದಲು ಬಾಲ ಕಚ್ಚಿ ಹಿಡಿದುಕೊಂಡಿರುತ್ತದೆ. ರಾಡಿನ ತುದಿ ಕೆಳಗಿಳಿಸಿ, ಮೂರು ನಾಲ್ಕು ಅಡಿ ದಾರ ಕೊಡಿ, ನಾಲ್ಕು ಎಣಿಸಿ, ಮೆಲ್ಲಗೆ ಮೇಲೆತ್ತಿ. ಭಾರ ಇದ್ದರೆ ಸುತ್ತಲು ಶುರುಮಾಡಿ. ಜಿಗ್ ಆದರೆ ಕಾಯುವುದೇ ಬೇಡ, ತಾಗಿದ ಕೂಡಲೇ ಎತ್ತಬೇಕು. ಎರೆ ಅರ್ಧಚಂದ್ರದ ಹಾಗೆ ಕತ್ತರಿಸಿ ಬಂದರೆ ಬ್ಲೂಫಿಶ್, ಚಿಂದಿಯಾಗಿ ಬಂದರೆ ಏಡಿ. ಏಡಿ ಕಾಟ ಅಂದರೆ ದೋಣಿ ತೀರ ನಿಧಾನ ಹೋಗುತ್ತಿದೆ ಅಂತಲೇ ಅರ್ಥ.

ಸೀಸದುಂಡೆ:
ಬಲೆಯ ಹತ್ತಿರವೇ ಹೆಚ್ಚು ಮೀನು ತಪ್ಪಿಹೋಗುವುದು, ಅದಕ್ಕೆ ಒಂದು ಮಾತು. ಫ್ಲೂಕ್ ತಲೆ ನೀರಿನಿಂದ ಹೊರಗೆ ಬಂತೋ, ತಲೆ ಕೊಡವುತ್ತದೆ, ಗಾಳ ಕಳಚುತ್ತದೆ. ತಲೆ ನೀರಿನ ಮೇಲ್ಮೈಗಿಂತ ಒಂದೆರಡು ಇಂಚು ಕೆಳಗೇ ಇರಲಿ. ಬಲೆಯನ್ನು ಮೊದಲೇ ನೀರಿನಲ್ಲಿ ಹಿಡಿದು, ಮೀನಿನ ತಲೆಯನ್ನು ಅದರೊಳಗೆ ನಡೆಸಿ. ಬಾಲದ ಕಡೆಯಿಂದ ಬಾಚಲು ಹೋದರೆ ಒಂದೇ ಒದೆಗೆ ಹೋಯಿತು. ಕೊನೆಯಲ್ಲಿ ರೀಲ್ ಬಿಗಿ ಮಾಡುವುದೂ ತಪ್ಪು, ಪಕ್ಕಕ್ಕೆ ಬಂದ ಮೇಲೂ ಅದು ಒಮ್ಮೆ ತಳಕ್ಕೆ ಓಡುತ್ತದೆ.

ಪಡುಗಾಳಿ:
ಮಾರಾಯ್ರೆ, ಮೀನಿನ ಮಾತು ಎಲ್ಲ ಆಯ್ತು, ದೋಣಿ ವಾಪಸು ಬರುವ ಮಾತು ಯಾರೂ ಆಡ್ಲಿಲ್ಲ. ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು 4 ಅಡಿ ಅಂತರ. ಆರು ಗಂಟೆಯಲ್ಲಿ ಅದು ಸಮನಾಗಿ ಇಳಿಯುವುದಿಲ್ಲ, ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು, ಅಂದರೆ 2 ಅಡಿ ಹೋಗುತ್ತದೆ. ಕ್ರೀಕಿನ ಬಾಯಲ್ಲಿ ದಿಬ್ಬ ಇರುತ್ತದೆ. ಒಳಗೆ ಹೋಗುವಾಗಲೇ ಅದರ ಮೇಲೆ ಎಷ್ಟು ನೀರಿದೆ ಹುಟ್ಟಿನಲ್ಲಿ ಅಳೆದುಕೊಳ್ಳಿ. 3 ಅಡಿ ಇದ್ದರೆ ನಡು ಇಳಿತಕ್ಕೆ ಮೊದಲೇ ಹೊರಗೆ ಬಂದು, ಕೊನೆಯ ಎರಡು ಗಂಟೆ ಬಾಯಿಯ ಹೊರಬದಿಯಲ್ಲೇ ತೇಲಿ. ಮೀನು ಇರುವುದೂ ಅಲ್ಲೇ ಅಲ್ವಾ.

ಸಿಕ್ಕಿಕೊಂಡರೆ ಎಂಜಿನ್ ಎತ್ತಿ, ಇಬ್ಬರೂ ನೀರು ಹೆಚ್ಚಿರುವ ಕಡೆಗೆ ಭಾರ ಹಾಕಿ, ಹುಟ್ಟಿನಿಂದ ತಳ್ಳಿ. ಇಳಿದು ತಳ್ಳಲು ಹೋಗ್ಬೇಡಿ, ಆ ಜವುಗಿನ ಕೆಸರು ಸೊಂಟದವರೆಗೂ ಎಳೆಯುತ್ತದೆ. ಎಂಜಿನ್ ಪಕ್ಕದಿಂದ ಚಿಮ್ಮುವ, ಅದನ್ನು ತಂಪು ಮಾಡುವ ನೀರು ನಿಂತರೆ ಕೆಸರು ಹೀರಿಕೊಂಡಿದೆ ಅಂತ ಲೆಕ್ಕ, ತಕ್ಷಣ ನಿಲ್ಲಿಸಿ ನೀರು ಹೀರುವ ಬಾಯಿ ಸ್ವಚ್ಛ ಮಾಡಿ. ಎಂಜಿನ್ ನಿಲ್ಲಿಸುವ ಕೊಂಡಿ ಮೈಗೆ ಸಿಕ್ಕಿಸಿಕೊಳ್ಳುವುದು 2021ರ ಏಪ್ರಿಲ್‌ನಿಂದ ಇಂಥ ದೋಣಿಗಳಿಗೆ ಫೆಡರಲ್ ಕಾನೂನು. ಲೈಫ್ ಜಾಕೆಟ್ ಮೈಮೇಲೇ ಇರಲಿ, ಸೀಟಿನಡಿ ಅಲ್ಲ.

ಬೇಸಿಗೆಯಲ್ಲಿ ಮಧ್ಯಾಹ್ನ ದಕ್ಷಿಣದ ಗಾಳಿ ಏಳುತ್ತದೆ, ಬೆಳಕು ಹರಿಯುವಾಗಲೇ ನೀರಿಗಿಳಿದು ಮಧ್ಯಾಹ್ನಕ್ಕೆ ಮುಗಿಸಿ. ಜುಲೈನಲ್ಲಿ ಗ್ರೀನ್‌ಹೆಡ್ ನೊಣ ಜವುಗಿನಿಂದ ಏಳುತ್ತದೆ, ಕಚ್ಚಿದರೆ ರಕ್ತ ಬರುತ್ತದೆ, ತುಂಬುತೋಳಿನ ಅಂಗಿ, ಉದ್ದ ಪ್ಯಾಂಟ್ ಹಾಕಿ. ಗುರುತು ಹಾಕಿದ ಚಾನೆಲ್ ನಡುವೆ ಅಡ್ಡಡ್ಡ ತೇಲ್ಬೇಡಿ, ದೊಡ್ಡ ದೋಣಿಗಳ ದಾರಿ ಅದು.

ಗಜನಿಬಯಲು:
ಅಳತೆಯ ನಿಯಮ ಏನು? ಚಿಕ್ಕದನ್ನು ಬಿಡುವ ಸರಿಯಾದ ರೀತಿ?

ಅಳಿವೆಕೋಡಿ:
2025ರಲ್ಲಿ ನ್ಯೂಜೆರ್ಸಿಯ ಹೆಚ್ಚಿನ ಜಾಗಗಳಲ್ಲಿ ಕನಿಷ್ಠ 18 ಇಂಚು, ಒಬ್ಬರಿಗೆ ದಿನಕ್ಕೆ 3, ಮೇ 4ರಿಂದ ಸೆಪ್ಟೆಂಬರ್ 25. ಡೆಲವೇರ್ ಬೇ ಒಳಗೆ 17 ಇಂಚು ಇತ್ತು. ಇದು ಬದಲಾಗುವ ವಿಷಯ, ಹೊರಡುವ ಮೊದಲು ರಾಜ್ಯದ ಮೀನುಗಾರಿಕೆ ಇಲಾಖೆಯ ಪುಟ ನೋಡಿ. ಉಪ್ಪುನೀರಿನ ನೋಂದಣಿ ಉಚಿತ, ಆದರೆ ಮಾಡಿಸಿರಬೇಕು. ದೋಣಿ ನಡೆಸುವವರ ಹತ್ತಿರ ಸುರಕ್ಷತಾ ಪ್ರಮಾಣಪತ್ರ ಇರಬೇಕು.

ಕ್ರೀಕಿನಲ್ಲಿ ಸಿಗುವುದರಲ್ಲಿ ಹೆಚ್ಚಿನವು 18 ಇಂಚಿಗಿಂತ ಚಿಕ್ಕವು. ಹಾಗಾಗಿ ಬಿಡುವುದನ್ನು ಚೆನ್ನಾಗಿ ಕಲಿಯಲೇಬೇಕು. ಕೈ ಒದ್ದೆ ಮಾಡಿಕೊಳ್ಳಿ, ಗಾಳ ಗಂಟಲಿಗೆ ಇಳಿದಿದ್ದರೆ ಕೀಳಬೇಡಿ, ದಾರವನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಡಿ. ಅಳತೆ ಮೂತಿಯ ತುದಿಯಿಂದ ಬಾಲದ ತುದಿಗೆ, ಮೀನು ಹಲಗೆಯ ಮೇಲೆ ಚಪ್ಪಟೆ ಮಲಗಿರಬೇಕು. ಹದಿನೇಳೂ ಮುಕ್ಕಾಲನ್ನು ಎಳೆದು ಹದಿನೆಂಟು ಮಾಡುವುದು ಬೇಡ.

ಗಜನಿಬಯಲು:
ಇದೇ ರೀತಿ ನಮ್ಮ ಅಘನಾಶಿನಿ ಅಥವಾ ಗಂಗೊಳ್ಳಿ ಅಳಿವೆಯಲ್ಲಿ ನಂಗು ಹಿಡಿಯಬಹುದೇ?

ಪಡುಗಾಳಿ:
ಆಗುವುದಿಲ್ಲ. ನಂಗಿನ ಬಾಯಿ ಪುಟ್ಟದು, ಕೆಸರಿನ ಹುಳ, ಸಣ್ಣ ಸಿಗಡಿಯಂಥವು ತಿಂದುಕೊಂಡಿರುವ ಮೀನು, 4 ಇಂಚಿನ ಎರೆ ಅಟ್ಟುವುದಿಲ್ಲ. ಅದು ಬಲೆಯ ಮೀನು. ಆದ್ರೆ ತೇಲಿಬಿಡುವ ಲೆಕ್ಕ ಅಲ್ಲಿಯೂ ಅದೇ. ಕಾಣೆ ಮೀನಿಗೆ ಸಣ್ಣ ಗಾಳ, ಸಿಗಡಿ ತುಂಡು, ಮರಳಿನ ತಳ, ಹರಿವಿನ ಜೊತೆ ನಿಧಾನ ಹೋಗುವ ದೋಣಿ, ಅಷ್ಟು ಸಾಕು.

ಬೊಂಡಾಸ್‌ಪಟ್ಟಿ:
ಹಿಡಿದ ಮೀನಿನ ಬಗ್ಗೆಯೂ ಒಂದಿಷ್ಟು. ಬಿಸಿಲಿನಲ್ಲಿ ಬಕೆಟ್ಟಿಗೆ ಹಾಕಿಡಬೇಡಿ, ಮಾಂಸ ಮೆತ್ತಗಾಗುತ್ತದೆ. ಕಿವಿರು ಕತ್ತರಿಸಿ ರಕ್ತ ಹೋಗಲು ಬಿಟ್ಟು, ಐಸಿಗೆ ಸ್ವಲ್ಪ ಸಮುದ್ರದ ನೀರು ಬೆರೆಸಿ ಅದರಲ್ಲಿ ಮುಳುಗಿಸಿಡಿ. ದಡಕ್ಕೆ ಬರುವವರೆಗೆ ಇಡಿಯಾಗಿಯೇ ಇರಲಿ, ಅಧಿಕಾರಿ ಅಳೆದು ನೋಡಬಹುದು. ಮನೆಯಲ್ಲಿ ನಡುಮುಳ್ಳಿನ ಎರಡೂ ಕಡೆ, ಮೇಲೆ ಕೆಳಗೆ ಅಂತ ನಾಲ್ಕು ತುಂಡು ಬರುತ್ತದೆ. ಕಣ್ಣಿರುವ ಬದಿಯವು ದಪ್ಪ, ಗಸಿಗೆ. ಬಿಳಿ ಬದಿಯವು ತೆಳು, ರವೆ ಹಚ್ಚಿ ತವಾ ಮೇಲೆ ಹುರಿಯಲಿಕ್ಕೆ. ತಲೆ, ಮುಳ್ಳು ಎಸೆಯಬೇಡಿ, ಪುಳಿಮುಂಚಿಗೆ ಅದೇ ರುಚಿ.

ಹೊಳೆಬಾಗಿಲು:
ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆ: ಒಬ್ಬರೇ ಇದ್ದರೆ ಎರಡು ರಾಡ್ ಇಡಬಹುದೇ?

ಸೀಸದುಂಡೆ:
ಇಡಬಹುದು. ಕಿಲ್ಲಿ ಹಾಕಿದ್ದು ಸ್ಟ್ಯಾಂಡಿನಲ್ಲಿ, ಅರ್ಧ ಔನ್ಸ್ ಹೆಚ್ಚು ಸೀಸ, ರೀಲ್ ಸಡಿಲ, ಎಂಜಿನ್ ಕಡೆಯ ತುದಿಯಲ್ಲಿ. ಜಿಗ್ ನಿಮ್ಮ ಕೈಯಲ್ಲಿ, ಮೂತಿಯ ಕಡೆ. ಎರಡು ದಾರದ ನಡುವೆ ಕನಿಷ್ಠ 8 ಅಡಿ ಇರಲಿ. ಸ್ಟ್ಯಾಂಡಿನ ರಾಡ್ ಬಾಗಿದರೆ ಅದನ್ನು ಎಳೆಯುವ ಮುಂಚೆ ಕೈಯಲ್ಲಿರುವ ಜಿಗ್ಗನ್ನು ಪೂರ್ತಿ ಮೇಲಕ್ಕೆ ಸುತ್ತಿಕೊಳ್ಳಿ.